ಊರ ಮನೆಯ ಮರಗೆಲಸ

ಮುಂಬಯಿಯಂಥ ಮಹಾನಗರದಲ್ಲಿ ಬಾಗಿಲು, ಮೇಜು, ಕಪಾಟುಗಳು ಅಂಗಡಿಯಿಂದ ಸಿದ್ಧವಾಗಿಯೇ ಮನೆಗೆ ಬರುತ್ತವೆ. ಅವು ಯಾವ ಮರದವು, ಆ ಮರ ಎಲ್ಲಿ ಬೆಳೆದಿತ್ತು ಎಂದು ಕೇಳುವ ಪ್ರಸಂಗವೇ ನಮಗೊದಗುವುದಿಲ್ಲ. ಇದರಿಂದಾಗಿ ಮರಗೆಲಸವೆಂದರೆ ಬುದ್ಧಿ ಬೇಡದ ಮೈದುಡಿಮೆಯೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಈ ಭಾವನೆ ತಪ್ಪೆಂಬುದು ನಮ್ಮ ಅಭಿಪ್ರಾಯ.

ಉತ್ತರ ಕನ್ನಡದ ಸಿರ್ಸಿ, ಸಿದ್ಧಾಪುರ ಸೀಮೆಯ ಅಡಕೆ ತೋಟಿಗರ ಮನೆಗಳನ್ನು ನೋಡೋಣ. ಕಣಿವೆಯಲ್ಲಿ ತೋಟ, ಅದರಂಚಿಗೆ ಮನೆ, ಮೇಲುಗಡೆ ಸೊಪ್ಪಿನ ಬೆಟ್ಟ. ಬೆಟ್ಟದ ನೆಲ ಸರಕಾರದ್ದು. ಸೊಪ್ಪು, ದರಕುಗಳನ್ನು ಪಡೆಯುವ ಹಕ್ಕು ಮಾತ್ರ ತೋಟಿಗರದು. ಮಳೆ ನಿಂತ ಮೇಲೆ ಅಡಕೆಯ ಕೊಯ್ಲು. ಬೇಸಗೆಯಲ್ಲಿ ದರಕು ಗುಡಿಸುವುದು. ಜೂನಿಗೆ ಮೊದಲೇ ಒಣಸೌದೆಯನ್ನು ಕೊಟ್ಟಿಗೆಗೆ ಸೇರಿಸುವುದು. ಹೀಗೆ ಅಲ್ಲಿಯ ಬಾಳು ಋತುಗಳ ಹಿಂದೆಯೇ ನಡೆಯುತ್ತದೆ.

ಮರಗೆಲಸವೂ ಹಾಗೆಯೇ. ಹಿತ್ತಿಲ ಹಲಸನ್ನು ಕಡಿಯುವುದಿದ್ದರೆ ಒಣ ಹವೆಯ ದಿನಗಳಲ್ಲಿ ಕಡಿಯಬೇಕು. ದಿಮ್ಮಿಯ ತುದಿಗಳು ಬೇಗನೆ ಒಣಗಿ ಸೀಳುವುದರಿಂದ ಅವುಗಳಿಗೆ ಸಗಣಿಯನ್ನೋ ಕೆಸರನ್ನೋ ಬಳಿಯುವುದುಂಟು. ಹಲಗೆಗಳ ನಡುವೆ ಪಟ್ಟಿಗಳನ್ನಿಟ್ಟು ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಅವಸರಪಟ್ಟು ಬಿಸಿಲಿಗೆ ಹಾಕಿದರೆ ಹಲಗೆ ಸೊಟ್ಟಗಾಗುವುದು. ಕಡಿದಾಗ ಹಳದಿಯಾಗಿದ್ದ ಹಲಸು ವರ್ಷಗಳು ಕಳೆದಂತೆ ಕಂದುಬಣ್ಣಕ್ಕೆ ತಿರುಗುತ್ತದೆ.

ಮರವು ಕತ್ತರಿಸಿದ ಮೇಲೆಯೂ ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದೂ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು. ಆದುದರಿಂದ ಮೇ ತಿಂಗಳಲ್ಲಿ ಬಾಗಿಲು ಕೂಡಿಸುವ ಬಡಗಿಯು ಆಗಸ್ಟಿನ ಮಳೆಯನ್ನು ನೆನೆದು ಚೌಕಟ್ಟಿನಲ್ಲಿ ತುಸು ಎಡೆಯನ್ನು ಬಿಡುತ್ತಾನೆ. ಕಣ್ಣೆದುರಿಗೆ ಇಲ್ಲದ ಮಳೆಯನ್ನು ಲೆಕ್ಕಕ್ಕೆ ಹಿಡಿಯುವ ಈ ಕೆಲಸವನ್ನು ಬುದ್ಧಿಯ ಕೆಲಸವಲ್ಲವೆಂದು ಯಾರು ಹೇಳಬಲ್ಲರು? ನಾವು ಶಾಲೆಯಲ್ಲಿ ಕಲಿಸುವ ವಿಜ್ಞಾನ, ಗಣಿತಗಳೇ ಅಲ್ಲಿ ಉಳಿ, ಗರಗಸಗಳ ರೂಪ ತಾಳಿವೆ. 1937ರಲ್ಲಿ ವರ್ಧಾದ ಶಿಕ್ಷಣ ಪರಿಷತ್ತಿನಲ್ಲಿ ಗಾಂಧೀಜಿಯವರು ಕೈಗೆಲಸವನ್ನೇ ಶಿಕ್ಷಣದ ಕೇಂದ್ರವನ್ನಾಗಿ ಮಾಡಬೇಕೆಂದುದು ಸುಮ್ಮನಲ್ಲ.

ಇಂದು ಊರಿನ ಹಳೆಯ ಮನೆಗಳು ಪಾಲಾಗುತ್ತಿವೆ. ಎಷ್ಟೋ ಮನೆಗಳ ಕಂಬ, ಬಾಗಿಲುಗಳು ಕಿತ್ತು ಮಾರಾಟವಾಗುತ್ತಿವೆ. ನಗರದಲ್ಲಿರುವ ನಮಗೆ ಅವುಗಳ ಬೆಲೆ ಗೊತ್ತು. ಅವುಗಳನ್ನು ದುರಸ್ತಿ ಮಾಡುವ ಬಗೆ ಗೊತ್ತಿಲ್ಲ. ಆಸ್ತಿಯನ್ನು ಅಳೆದು ಹಂಚಬಹುದು, ಕಸುಬನ್ನು ಹಾಗೆ ಹಂಚಲಾಗದು. ಅದನ್ನು ಕಲಿತೇ ಪಡೆಯಬೇಕು. ಇನ್ನೊಂದು ಮಾತನ್ನೂ ಮರೆಯಬಾರದು. ಬಾಗಿಲ ಮೇಲೆ ಯಜಮಾನನ ಹೆಸರಿರಬಹುದು, ಅದನ್ನು ಕೆತ್ತಿದ ಆಚಾರಿಯ ಹೆಸರು ಬಹುಮಟ್ಟಿಗೆ ಎಲ್ಲಿಯೂ ಇಲ್ಲ. ಊರಿನಲ್ಲಿ ಅಂಗೈಯಗಲ ನೆಲವಿಲ್ಲದವರ ಮಕ್ಕಳೂ ನಮ್ಮ ಶಾಲೆಯಲ್ಲಿದ್ದಾರೆ. ತೋಟ, ಮನೆಗಳು ಕೆಲವರಿಗೆ ಮಾತ್ರ ಬರುವಂಥವು. ಕಸುಬಿನ ಅರಿವಾದರೋ ಕಲಿಯಬಯಸಿದ ಎಲ್ಲರಿಗೂ ಸಲ್ಲುವಂಥದು.

ವಿದ್ಯಾರ್ಥಿಗಳೇ, ಮುಂದಿನ ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಅತಿಥಿಗಳಾಗಿ ಕುಳಿತಿರಬೇಡಿರಿ. ಬಡಗಿಯೊಬ್ಬರ ಬಳಿ ನಾಲ್ಕು ದಿನ ನಿಂತು ಒಂದು ಮಣೆಯನ್ನಾದರೂ ಮಾಡಲು ಕಲಿಯಿರಿ. ಊರಿಗೆ ಹೋಗದವರಿಗಾಗಿ ಶಾಲೆಯಲ್ಲಿಯೇ ವಾರಕ್ಕೊಂದು ಮರಗೆಲಸದ ತರಗತಿ ನಡೆಯಲಿ. ಜೂನಿನಲ್ಲಿ ಶಾಲೆ ತೆರೆದಾಗ ನೀವು ಮಾಡಿದ ಮಣೆಗಳನ್ನು ತನ್ನಿರಿ. ಸೊಟ್ಟಗಿದ್ದರೂ ಚಿಂತೆಯಿಲ್ಲ, ನಾವು ಅವುಗಳ ಮೇಲೆಯೇ ಕುಳಿತು ಪಾಠವನ್ನು ಆರಂಭಿಸೋಣ.