ಐದರಲ್ಲಿ ನಾಲ್ಕು ಪಾಲು ಎಲ್ಲಿ ಹೋಯಿತು?

ಮದುವೆ ಮಾಡುವಾಗ ನಾವು ಎಲ್ಲದಕ್ಕೂ ಚೌಕಾಸಿ ಮಾಡುತ್ತೇವೆ. ಬಾಳೆ ಎಲೆಗೆ ಎಷ್ಟು, ವಾಲಗದವರಿಗೆ ಎಷ್ಟು, ಹೋಳಿಗೆಗೆ ಯಾವ ಬೆಲ್ಲ, ಎಲ್ಲವನ್ನೂ ಕೇಳುತ್ತೇವೆ. ವಿಡಿಯೋ ತೆಗೆಯುವವನು ಕೊನೆಗೆ ನಮ್ಮ ಕೈಗೆ ಏನು ಕೊಡುತ್ತಾನೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲೂ ಕೇಳಲಿಲ್ಲ.

2016ರಲ್ಲಿ ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ ತಂಗಿಯ ಮದುವೆ ಆಯಿತು. ಸ್ಟುಡಿಯೋದವರು 'ಫುಲ್ ಎಚ್‌ಡಿ ಕ್ಯಾಮೆರಾ' ಎಂದರು. ಅದು ಸುಳ್ಳಲ್ಲ, ಕ್ಯಾಮೆರಾ ಎಚ್‌ಡಿಯದ್ದೇ. ಎರಡು ತಿಂಗಳಾದ ಮೇಲೆ ಕೈಗೆ ಬಂದದ್ದು ಎರಡು ಡಿವಿಡಿ. ಮೇಲೆ ವಧೂವರರ ಫೋಟೊ, ಒಳಗೆ ಚಿಟ್ಟೆ ಹಾರುವ ಮೆನು. ಹಸೆಗೆ ಕರೆಯುವಾಗ ಅಜ್ಜಿ ಕಾಲು ಗಂಟೆ ಹಾಡು ಹೇಳಿದ್ದರು. ಡಿವಿಡಿಯಲ್ಲಿ ಅದು ಒಂದೂವರೆ ನಿಮಿಷ ಇದೆ, ಅದರ ಮೇಲೂ ಸಿನಿಮಾ ಹಾಡು ಹಾಕಿದ್ದಾರೆ. ಅಜ್ಜಿಯ ತುಟಿ ಆಡುವುದು ಕಾಣುತ್ತದೆ, ದನಿ ಇಲ್ಲ.

ಅಜ್ಜಿ ತೀರಿಕೊಂಡ ಮೇಲೆ ಮೂಲ ಫೈಲ್ ಕೇಳಲು ಹೋದೆ. "ಅಣ್ಣಾ, ಆ ಹಾರ್ಡ್‌ಡಿಸ್ಕಿನ ಮೇಲೆ ಎಷ್ಟೋ ಮದುವೆ ಆಗಿಹೋದ್ವು" ಎಂದ ಅಲ್ಲಿನ ಹುಡುಗ. ಪಾಪ, ಬೇಜಾರಲ್ಲೇ ಹೇಳಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಆ ಪದ್ಧತಿಯ ಮೇಲೆ, ಅದನ್ನು ಒಪ್ಪಿಕೊಂಡು ಬಂದ ನಮ್ಮ ಮೇಲೆ.

ಲೆಕ್ಕ ನೋಡಿ. ನಮ್ಮ ದೇಶದ ಡಿವಿಡಿ ವಿಡಿಯೋದಲ್ಲಿ ಒಂದು ಚಿತ್ರಕ್ಕೆ ಅಡ್ಡ 720, ಉದ್ದ 576 ಚುಕ್ಕಿ. ಒಟ್ಟು 4,14,720. ಫುಲ್ ಎಚ್‌ಡಿ ಎಂದರೆ 1920 ಅಡ್ಡ, 1080 ಉದ್ದ. ಒಟ್ಟು 20,73,600. ಸರಿಯಾಗಿ ಐದು ಪಟ್ಟು. ಕ್ಯಾಮೆರಾ ಹಿಡಿದ ಐದು ಚುಕ್ಕಿಯಲ್ಲಿ ನಾಲ್ಕನ್ನು ಬಿಸಾಡಿ ಒಂದನ್ನು ನಮಗೆ ಕೊಡುತ್ತಾರೆ. ಐದು ಲೀಟರ್ ಹಾಲಿಗೆ ದುಡ್ಡು ತಗೊಂಡು ಒಂದು ಲೀಟರ್ ಅಳೆದು ಕೊಟ್ಟರೆ ಡೇರಿಯವರನ್ನು ಸುಮ್ಮನೆ ಬಿಡುತ್ತೀರಾ?

ಅಷ್ಟಕ್ಕೇ ಮುಗಿಯಲಿಲ್ಲ. ಡಿವಿಡಿಯ ಹೊಟ್ಟೆ 4.7 ಜಿಬಿ. ಆ ಕಾಲದ ಎಚ್‌ಡಿ ಕ್ಯಾಮೆರಾಗಳಲ್ಲಿ ಸೆಕೆಂಡಿಗೆ 24 ಮೆಗಾಬಿಟ್ ಬರೆಯುವುದು ಸಾಮಾನ್ಯವಾಗಿತ್ತು. ಆ ಲೆಕ್ಕದಲ್ಲಿ ಡಿವಿಡಿಯೊಳಗೆ ಹಿಡಿಸುವುದು ಸುಮಾರು 26 ನಿಮಿಷ. ಅದರೊಳಗೆ ಮೂರು ಗಂಟೆ ತುಂಬಿದರೆ ಸೆಕೆಂಡಿಗೆ ಮೂರೂವರೆ ಮೆಗಾಬಿಟ್ಟೂ ಸಿಗುವುದಿಲ್ಲ. ಸುಮ್ಮನೆ ಕೂತವರ ಮುಖ ಹೇಗೋ ನಡೆಯುತ್ತದೆ. ಧಾರೆಯ ಹೊತ್ತಿಗೆ ಎಲ್ಲರೂ ಅಕ್ಷತೆ ಎರಚಿದರು ನೋಡಿ, ಆಗ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಸಾವಿರ ಕಾಳು ಸಾವಿರ ಕಡೆ ಹಾರುವುದನ್ನು ಬರೆಯಲು ಅಷ್ಟು ಜಾಗವೇ ಇಲ್ಲ. ಮದುವೆಯ ಮುಖ್ಯ ಗಳಿಗೆಯೇ ಎಲ್ಲಕ್ಕಿಂತ ಕೆಟ್ಟದಾಗಿ ಕಾಣುವುದು ಇದಕ್ಕೇ.

ಬೇರೆ ದಾರಿ ಇರಲಿಲ್ಲವೇ? ಇತ್ತು. ಮನೆಯ ಕಂಪ್ಯೂಟರಿನಲ್ಲೇ ಬರೆಯಬಹುದಾದ ಬ್ಲೂ-ರೇ ಡಿಸ್ಕ್ 2006ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಒಂದು ಪದರದ ಡಿಸ್ಕಿನಲ್ಲಿ 25 ಜಿಬಿ, ಎರಡು ಪದರದ್ದರಲ್ಲಿ 50. ಅದರ ಎದುರಾಳಿ ಎಚ್‌ಡಿ ಡಿವಿಡಿಯನ್ನು ತೋಷಿಬಾ ಕಂಪನಿ 2008ರ ಫೆಬ್ರವರಿಯಲ್ಲೇ ಕೈಬಿಟ್ಟಿತು. ಹಾಗಾಗಿ ಯಾವುದನ್ನು ಕೊಳ್ಳಬೇಕು ಎಂಬ ಗೊಂದಲವೂ ತಂಗಿಯ ಮದುವೆ ಹೊತ್ತಿಗೆ ಇರಲಿಲ್ಲ. 'ಹಳ್ಳಿ ಮನೆಯಲ್ಲಿ ಬ್ಲೂ-ರೇ ಪ್ಲೇಯರ್ ಎಲ್ಲಿದೆ?' ಎಂದು ಸ್ಟುಡಿಯೋದವರು ಕೇಳಬಹುದು. ನಿಜ, ಇರಲಿಲ್ಲ, ಈಗಲೂ ಇಲ್ಲ. ಟಿವಿಯಲ್ಲಿ ನೋಡಲು ಡಿವಿಡಿ ಕೊಡಿ, ಪೆನ್‌ಡ್ರೈವ್ ಕೊಡಿ, ಬೇಡ ಅಂದವರು ಯಾರು? ಮೂಲ ಫೈಲನ್ನು ಇನ್ನೊಂದು ಡಿಸ್ಕಿಗೆ ಬರೆದು ಕೊಡಲು ಪ್ಲೇಯರ್ ಯಾಕೆ ಬೇಕು?

ಇಲ್ಲಿ ಎರಡು ಕೆಲಸವನ್ನು ಬೆರೆಸಬಾರದು. ಮೆನು, ಅಧ್ಯಾಯ, ಹಿನ್ನೆಲೆ ಹಾಡು ಸೇರಿಸಿ ಪ್ಲೇಯರಿಗೆ ಹಾಕಿದ ಕೂಡಲೇ ಓಡುವಂತೆ ಡಿಸ್ಕ್ ಕಟ್ಟುವುದು ಒಂದು. ಅದಕ್ಕೆ ಬೇರೆ ಸಾಫ್ಟ್‌ವೇರ್ ಬೇಕು, ಕಲಿತವರು ಬೇಕು. ಫೈಲ್‌ಗಳನ್ನು ಇದ್ದ ಹಾಗೇ ಬರೆದಿಡುವುದು ಇನ್ನೊಂದು. ನಮಗೆ ಬೇಕಿರುವುದು ಈ ಎರಡನೆಯದು. ಇದಕ್ಕೆ ಚಿಟ್ಟೆ ಬೇಡ. ಯುಎಸ್‌ಬಿಗೆ ಸಿಕ್ಕಿಸುವ ಬ್ಲೂ-ರೇ ರೈಟರ್ ಒಂದಿದ್ದರೆ ವಿಂಡೋಸ್ ತಾನೇ ಬರೆಯುತ್ತದೆ, ಇಮ್ಗ್‌ಬರ್ನ್‌ನಂಥ ಉಚಿತ ಸಾಫ್ಟ್‌ವೇರ್ ಕೂಡ ಬರೆಯುತ್ತದೆ. ವೇಗ ಕಡಿಮೆ ಇಡಿ, ಬರೆದಾದ ಮೇಲೆ 'ವೆರಿಫೈ' ಮಾಡಿಸಿ. ಖಾಲಿ ಡಿಸ್ಕ್ ಕೊಳ್ಳುವಾಗ ಪೊಟ್ಟಣದ ಮೇಲೆ ಎಲ್‌ಟಿಎಚ್ ಎಂದು ಇದ್ದರೆ ವಾಪಸ್ ಕೊಡಿ. ಅದರಲ್ಲಿ ಬರೆಯುವ ಪದರ ಡಿವಿಡಿಯ ಹಾಗೇ ಸಾವಯವ ಬಣ್ಣದ್ದು, ಬಿಸಿಲು ಸೆಖೆಗೆ ಮಾಸುತ್ತದೆ. ಮಾಮೂಲಿ ಬ್ಲೂ-ರೇಯಲ್ಲಿ ಆ ಬಣ್ಣ ಇರುವುದಿಲ್ಲ, ಅದು ಹೆಚ್ಚು ಬಾಳುತ್ತದೆ.

'ಎಲ್ಲ ಫೋನಲ್ಲೇ ಇದೆಯಲ್ಲ' ಎನ್ನುವವರಿಗೆ ಒಂದು ಮಾತು. ವಾಟ್ಸಾಪ್ ವಿಡಿಯೋವನ್ನು ಹಿಂಡಿ ಕಳಿಸುತ್ತದೆ. ಗೂಗಲ್ ಬಿಟ್ಟಿಯಾಗಿ ಕೊಡುವುದು 15 ಜಿಬಿ, ಎಚ್‌ಡಿಯ ಒಂದೂವರೆ ಗಂಟೆಗೂ ಸಾಲದು. ಎರಡು ವರ್ಷ ಮುಟ್ಟದ ಖಾತೆಯನ್ನು ಅಳಿಸಬಹುದು ಎಂಬ ನಿಯಮವನ್ನೂ 2023ರಲ್ಲಿ ತಂದಿದೆ. ತೀರಿಹೋದವರ ಖಾತೆಯನ್ನು ಯಾರು ಮುಟ್ಟುತ್ತಾರೆ? ಪೆನ್‌ಡ್ರೈವ್ ಸಾಗಿಸುವುದಕ್ಕೆ ಸರಿ, ಹತ್ತಾರು ವರ್ಷ ಬೀರುವಿನಲ್ಲಿ ಇಡುವುದಕ್ಕಲ್ಲ. ಅದು ವಿದ್ಯುತ್ತಿನ ಕಣಗಳಲ್ಲಿ ಬರೆದಿಟ್ಟುಕೊಳ್ಳುತ್ತದೆ, ಸುಮ್ಮನೆ ಬಿದ್ದಿದ್ದರೆ ಅವು ನಿಧಾನಕ್ಕೆ ಸೋರಿಹೋಗುತ್ತವೆ.

ನನ್ನ ವಾದದಲ್ಲಿ ಒಂದು ತೂತಿದೆ, ಮುಚ್ಚಿಡುವುದಿಲ್ಲ. ಡಿಸ್ಕಿನ ಕಾಲ ಇಳಿಯುತ್ತಿದೆ. ಹಿಂದೆ ಪೇಟೆಯಲ್ಲೆಲ್ಲ ಅಗ್ಗದ ಸಿಡಿ, ಡಿವಿಡಿ ತುಂಬಿಸಿದ್ದ ನಮ್ಮ ದೇಶದ ಮೋಸರ್ ಬೇರ್ ಕಂಪನಿ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಹಂತಕ್ಕೆ ಬಂತು. ಬರೆಯುವ ಬ್ಲೂ-ರೇ ಡಿಸ್ಕ್ ತಯಾರಿಸುವುದನ್ನು ಸೋನಿ 2025ರ ಫೆಬ್ರವರಿಗೆ ನಿಲ್ಲಿಸಿತು. ವರ್ಬಾಟಿಮ್‌ನಂಥ ಬೇರೆ ಕಂಪನಿಗಳದ್ದು ಇನ್ನೂ ಸಿಗುತ್ತಿದೆ. ಅದಕ್ಕೇ ಹೇಳುವುದು, ಸಿಗುವಾಗಲೇ ಮಾಡಿ. ಒಂದಲ್ಲ, ಎರಡು ಪ್ರತಿ. ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಮಗಳ ಮನೆಯಲ್ಲಿ.

ಇದು ಬರೀ ಮದುವೆಯ ಮಾತಲ್ಲ. ಮತ್ತೂರು, ಹೊಸಹಳ್ಳಿಯ ಕಡೆ ಗಮಕ ಇದೆ, ಸಾಗರ, ಸೊರಬದ ದೀವರ ಮನೆಗಳಲ್ಲಿ ಹಸೆ ಹಾಡು ಇದೆ, ಊರೂರಲ್ಲಿ ಡೊಳ್ಳು ಇದೆ. ಎಲ್ಲವನ್ನೂ ಯಾರೋ ಫೋನಿನಲ್ಲಿ ಹಿಡಿಯುತ್ತಾರೆ, ಸ್ಟೇಟಸ್ಸಿಗೆ ಹಾಕುತ್ತಾರೆ, ಮರುದಿನ ಅಳಿಸಿಹೋಗುತ್ತದೆ. ಕನ್ನಡದ ಮೊದಲ ಮಾತಿನ ಚಿತ್ರ 1934ರ 'ಸತಿ ಸುಲೋಚನ'. ಅದರ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ದುಡ್ಡಿದ್ದ ಸಿನಿಮಾದವರ ಕತೆಯೇ ಹೀಗಾದರೆ ನಮ್ಮ ಅಜ್ಜಿಯಂದಿರ ಹಾಡಿನ ಗತಿ?

ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ 'ಅರಿವು ಕೇಂದ್ರ' ಎಂದು ಹೆಸರಿಟ್ಟಿದ್ದಾರೆ, ಎಷ್ಟೋ ಕಡೆ ಕಂಪ್ಯೂಟರ್ ಕೂಡ ಇದೆ. ಅಲ್ಲಿಗೆ ಒಂದು ಬ್ಲೂ-ರೇ ರೈಟರ್ ಕೊಡಿಸಲು ಪಂಚಾಯಿತಿಗೆ ಆಗದೇ? ಒಂದು ಸಾಧಾರಣ ಮೊಬೈಲಿನ ದುಡ್ಡೂ ಬೇಕಾಗದು. ಮುಂದಿನ ಗ್ರಾಮಸಭೆಯಲ್ಲಿ ಕೈ ಎತ್ತಿ ಕೇಳಿ.

ಸ್ಟುಡಿಯೋದವರಿಗೆ ಮುಂಗಡ ಕೊಡುವ ಮೊದಲು ಒಂದು ಸಾಲು ಬರೆಸಿಕೊಳ್ಳಿ: ಕ್ಯಾಮೆರಾದಿಂದ ಬಂದ ಎಲ್ಲ ಫೈಲ್, ಹಾಡು ಸೇರಿಸದೆ, ಕತ್ತರಿಸದೆ, ನಮಗೆ ಕೊಡಬೇಕು. ಹಾರ್ಡ್‌ಡಿಸ್ಕ್ ನಾವೇ ತಂದುಕೊಡುತ್ತೇವೆ ಅನ್ನಿ. ಚಿಕ್ಕಪ್ಪನ ಮಗನ ಮದುವೆಗೆ ನಾವು ಹೀಗೇ ಬರೆಸಿದೆವು. ಸ್ಟುಡಿಯೋದವರು ಮೊದಲು ಮುಖ ಮುಖ ನೋಡಿದರು, ಆಮೇಲೆ "ಆಯ್ತು ಸಾರ್, ಯಾರೂ ಕೇಳ್ತಿರಲಿಲ್ಲ, ಅದಕ್ಕೆ ಕೊಡ್ತಿರಲಿಲ್ಲ" ಅಂದರು.