ಪಟ್ಟಿಯಿಂದ ನಾನೇ ಅಳಿಸಿದ ಕತ್ತಿ



ಇವತ್ತು ಯಾವ ಮಂತ್ರಿ ಬಗ್ಗೆಯೂ ಬರೀತಿಲ್ಲ, ಯಾವ ಸರ್ಕಾರಿ ಆದೇಶದ ಬಗ್ಗೆಯೂ ಬರೀತಿಲ್ಲ. ಅಡುಗೆಮನೆ ಚಾಕು ಬಗ್ಗೆ ಬರೀತಿದೀನಿ. ನಗಬೇಡಿ. ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ. ಯಾಕಂದ್ರೆ ಈ ಸಲ ತಪ್ಪು ಮಾಡಿದವನು ನಾನೇ.

ನಮ್ಮಕ್ಕನ ಮಗಳಿಗೆ ಮುಂದಿನ ತಿಂಗಳು ಮದುವೆ. ಇಬ್ಬರಿಗೂ ಬೆಂಗಳೂರಲ್ಲಿ ಕೆಲಸ. ಹುಡುಗ ಬೇರೆ ಜಾತಿ, ಮನೆಯವರು ಸಸ್ಯಾಹಾರಿಗಳು. ವಿಶೇಷ ವಿವಾಹ ಕಾಯ್ದೆಯಡಿ ನೋಟಿಸು ಕೊಟ್ಟು 30 ದಿನ ಮುಗಿಯೋದನ್ನ ಕಾಯ್ತಿದಾರೆ. ಅದು ಮುಗಿದ ಮೇಲೆ ಮಂತ್ರಮಾಂಗಲ್ಯದ ರೀತಿಯಲ್ಲಿ ಒಂದು ಸರಳ ಕಾರ್ಯಕ್ರಮ, ಸಂವಿಧಾನದ ಪೀಠಿಕೆ ಓದಿ ಊಟ. ಅಷ್ಟೇ.

ಹುಡುಗಿ ಒಂದು ಮಾತು ಅಂದಳು. "ಮಾವ, ಬರೋರು ತೋಚಿದ್ದೆಲ್ಲ ತರೋದು ಬೇಡ. ನಮಗೆ ನಿಜವಾಗ್ಲೂ ಬೇಕಾದ್ದರ ಪಟ್ಟಿ ಮಾಡಿ ಕಳಿಸೋಣ. ಯಾರು ಏನು ಕೊಡ್ತಾರೋ ಅದರ ಮುಂದೆ ಅವರು ಹೆಸರು ಹಾಕ್ಕೊಳ್ಳಲಿ." ಇದನ್ನ ಗಿಫ್ಟ್ ರಿಜಿಸ್ಟ್ರಿ ಅಂತಾರಂತೆ.

"ಸರಳ ಮದುವೆ ಅಂತೀರಿ, ಉಡುಗೊರೆ ಪಟ್ಟಿ ಯಾಕೆ ಕಾಮ್ರೇಡ್?" ಅಂತ ಒಬ್ಬ ಗೆಳೆಯರು ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನ ಮದುವೆಗೆ 9 ಗೋಡೆ ಗಡಿಯಾರ ಬಂದಿದ್ವು. ನಮಗಿದ್ದದ್ದು ಒಂದೇ ರೂಮು. ಬಡವರು ಸಾಲ ಮಾಡಿ ತಂದ ವಸ್ತು ಅಟ್ಟ ಸೇರೋದು ಯಾವ ಸರಳತೆ? ಪಟ್ಟಿ ಇದ್ದರೆ ನೂರು ರೂಪಾಯಿಯ ಜರಡಿ ಕೊಟ್ಟವರೂ ತಲೆ ಎತ್ತಿ ಕೊಡಬಹುದು, ಅದು ದಿನಾ ಬಳಕೆಗೂ ಬರುತ್ತೆ. ಹಾಗಾಗಿ ನಾನು ಒಪ್ಪಿದೆ. ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಪಟ್ಟಿ ಟೈಪ್ ಮಾಡೋದೇ ನನ್ನ ಕೆಲಸ, ಇದನ್ನೂ ಮಾಡಿಕೊಡ್ತೀನಿ ಅಂದೆ.

ಅವಳು ಕೈಯಲ್ಲಿ ಬರೆದು ಕೊಟ್ಟಿದ್ದರಲ್ಲಿ ಚಾಕುಗಳಿಗೆ ಮೂರು ಸಾಲಿತ್ತು. 8 ಇಂಚಿನ ದೊಡ್ಡ ಚಾಕು ಒಂದು. ಹಣ್ಣು, ಬೆಳ್ಳುಳ್ಳಿಗೆ ಸಣ್ಣದು ಒಂದು. ಮೂರನೇ ಸಾಲು, "ಬಾಡಿನ ಕತ್ತಿ, ಮೂಳೆ ಕಡಿಯೋಕೆ, ಭಾರದ್ದು."

ನಾನು ಮೊದಲ ಎರಡು ಸಾಲು ಟೈಪ್ ಮಾಡಿದೆ. ಮೂರನೇದನ್ನ ಬಿಟ್ಟೆ.

ಕಣ್ತಪ್ಪಿ ಬಿಟ್ಟಿದ್ದಲ್ಲ. ಈ ಪಟ್ಟಿ ನನ್ನ ಆಫೀಸಿನ ವಾಟ್ಸಾಪ್ ಗುಂಪಿಗೆ ಹೋಗುತ್ತೆ, ಹುಡುಗನ ದೊಡ್ಡಪ್ಪ ಚಿಕ್ಕಪ್ಪಂದಿರ ಕೈಗೂ ಹೋಗುತ್ತೆ. "ಮೊದಲೇ ಕಷ್ಟಪಟ್ಟು ಒಪ್ಪಿದಾರೆ, ಈಗ್ಯಾಕೆ ಇದು? ಕತ್ತಿ ತಾನೇ, ಆಮೇಲೆ ನಾವೇ ತಕ್ಕೊಟ್ರಾಯ್ತು" ಅಂತ ಒಳಗೊಬ್ಬ ಪಿಸುಗುಟ್ಟಿದ. ಕ್ರಮಸಂಖ್ಯೆ ಕೂಡ ಸರಿಮಾಡಿದ್ದೆ, ಗುಮಾಸ್ತನಲ್ವಾ.

ಕಳಿಸಿ ಐದು ನಿಮಿಷ ಆಗಿರಲಿಲ್ಲ, ಫೋನು ಬಂತು. "ಮಾವ, ಬಾಡಿನ ಕತ್ತಿ ಎಲ್ಲಿ?"

"ಮರೆತೆ ಕಣವ್ವ" ಅಂದೆ.

"ನೀವು ಮರೆಯೋರಲ್ಲ" ಅಂದಳು. ಅಷ್ಟೇ. ಮುಂದೆ ಏನೂ ಅನ್ನಲಿಲ್ಲ. ಅವಳು ಜಗಳ ಆಡಿದ್ದರೆ ನನಗೆ ಸುಲಭ ಆಗ್ತಿತ್ತು.

ನಿಮಗೆ ನೆನಪಿರಬೇಕು, 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ. ಮಳಿಗೆಯವರಿಗೆ ಕೊಟ್ಟ ಸೂಚನೆಯಲ್ಲಿ ಮದ್ಯ, ತಂಬಾಕಿನ ಜೊತೆಗೇ ಮಾಂಸಾಹಾರವನ್ನೂ ನಿಷೇಧಿತ ಅಂತ ಸೇರಿಸಿದ್ದರು. ನಮ್ಮ ಊಟವನ್ನ ಚಟಗಳ ಪಟ್ಟಿಗೆ ಹಾಕಿದರು ಅಂತ ನಾವು ಎಷ್ಟು ಸಿಟ್ಟಾದೆವು, ಬಾಡೂಟ ಬೇಕೇ ಬೇಕು ಅಂತ ಎಷ್ಟು ಬರೆದೆವು! ನಾನೂ ಬರೆದೆ, ನೀವು ಶೇರ್ ಮಾಡಿದಿರಿ. ಅವರು ಬಾಡನ್ನ ಬೇಡದ ಪಟ್ಟಿಗೆ ಸೇರಿಸಿದರು. ನಾನು ಬೇಕಾದ ಪಟ್ಟಿಯಿಂದ ಅದನ್ನ ತೆಗೆದೆ. ವ್ಯತ್ಯಾಸ ಏನು ಹೇಳಿ? ಅವರಿಗೆ ಅಧಿಕಾರ ಇತ್ತು, ನನಗೆ ಅಂಜಿಕೆ ಇತ್ತು. ಅಷ್ಟೇ.

ಕೆಲವರು ಹೇಳ್ತಾರೆ, ಪಾತ್ರೆ ಪಗಡ, ಚಾಕು ಚೂರಿ ಎಲ್ಲ ಖಾಸಗಿ ವಿಷಯ, ಇದರಲ್ಲೂ ಜಾತಿ ಹುಡುಕಬೇಡಿ ಅಂತ. ಹುಡುಕಿದ್ದು ನಾವಲ್ಲಪ್ಪ. 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಕೊಟ್ಟ ಉದಾಹರಣೆ ತೆಗೆದು ನೋಡಿ. ಅಹಮದಾಬಾದ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಮ್ಮ ಹೆಣ್ಣುಮಕ್ಕಳು ಲೋಹದ ಬಿಂದಿಗೆಯಲ್ಲಿ ನೀರು ತಂದಿದ್ದಕ್ಕೆ ಹಲ್ಲೆ ಆಯ್ತು. ಜೈಪುರ ಸಂಸ್ಥಾನದ ಚಕ್ವಾರಾದಲ್ಲಿ ಒಬ್ಬರು ತಮ್ಮವರನ್ನೇ ಕರೆದು ತುಪ್ಪದ ಊಟ ಹಾಕಿಸಿದ್ದಕ್ಕೆ ದೊಣ್ಣೆ ಹಿಡಿದು ಬಂದರು. ಬಿಂದಿಗೆ ಅವರದು, ತುಪ್ಪ ಅವರದು, ದುಡ್ಡು ಅವರದು. ಆದರೂ ಯಾವ ವಸ್ತು ಯಾರ ಮನೇಲಿ ಇರಬೇಕು ಅನ್ನೋದನ್ನ ಊರು ತೀರ್ಮಾನ ಮಾಡ್ತಿತ್ತು. ಈಗ ದೊಣ್ಣೆ ಕಾಣಲ್ಲ. "ವೆಜ್ ಓನ್ಲಿ" ಅಂತ ಬಾಡಿಗೆ ಬೋರ್ಡು ಕಾಣುತ್ತೆ. ಬೋರ್ಡು ಇಲ್ಲದ ಕಡೆ ನಮ್ಮಂಥವರ ಬೆರಳೇ ಡಿಲೀಟ್ ಒತ್ತುತ್ತೆ.

ನಮ್ಮವ್ವನ ಹತ್ರ ಇದ್ದದ್ದು ಒಂದೇ ಈಳಿಗೆ ಮಣೆ. ಸೊಪ್ಪು ಹೆಚ್ಚಿದ್ದೂ ಅದರಲ್ಲೇ, ಬಾಡು ಹೆಚ್ಚಿದ್ದೂ ಅದರಲ್ಲೇ. ಮಾರಿಹಬ್ಬಕ್ಕೆ ಗುಡ್ಡೆ ಬಾಡಿನ ಪಾಲು ಬಂದರೆ ಒಂದು ಕಾಲಲ್ಲಿ ಮಣೆ ಅದುಮಿ ಕೂತು, ಎರಡೂ ಕೈಯಲ್ಲಿ ತುಂಡು ಹಿಡಿದು, ಸರಸರ ಅಂತ ಒಂದೇ ಅಳತೆಗೆ ಕೊಯ್ಯೋಳು. ಆಮೇಲೆ ಬೂದಿ ಹಾಕಿ ಉಜ್ಜಿ ಗೋಡೆಗೆ ಒರಗಿಸೋಳು. ಅದರಲ್ಲಿ ಮಡಿನೂ ಇರಲಿಲ್ಲ, ಮೈಲಿಗೆನೂ ಇರಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ಯಾರಾದರೂ ಮೇಲ್ಜಾತಿ ಗೆಳೆಯರು ಮನೆ ಹತ್ರ ಬಂದರೆ ಆ ಈಳಿಗೆ ಮಣೆನ ಮಂಚದ ಕೆಳಗೆ ತಳ್ಳುತ್ತಿದ್ದವನು ನಾನು. ಅವ್ವ ನೋಡಿಯೂ ನೋಡದ ಹಾಗೆ ಇರೋಳು. ಮೊನ್ನೆ ಅಕ್ಕನ ಮಗಳು "ನೀವು ಮರೆಯೋರಲ್ಲ" ಅಂದಾಗ ನನಗೆ ನೆನಪಾದ್ದು ಆ ಮಂಚ.

ಇನ್ನು ಹುಡುಗನ ಮಾತು. ಒಳ್ಳೇ ಹುಡುಗ, ಸುಳ್ಳು ಹೇಳಬಾರದು. ಹೋಟೆಲಿನಲ್ಲಿ ನಮ್ಮ ಜೊತೆ ಕೂತು ಬಿರಿಯಾನಿ ತಿಂದಿದಾನೆ. ಆದರೆ ಹೊರಗೆ ತಿನ್ನೋದು ಸುಲಭ. ಅಲ್ಲಿ ಬೇರೆಯವರು ಕೊಯ್ದಿರ್ತಾರೆ, ಬೇರೆಯವರು ತೊಳೆದಿರ್ತಾರೆ. ಕತ್ತಿ ಮನೆಯೊಳಗೆ ಬರಬೇಕು, ಅವನ ಅಮ್ಮ ಬಂದಾಗಲೂ ಮೊಳೆಗೆ ನೇತಾಡ್ತಿರಬೇಕು. ಅವನೇ ಭಾನುವಾರ ಕೋಳಿ ಕಡಿದು, ಅವನೇ ತೊಳೆದಿಡಬೇಕು. ಅಡುಗೆಮನೆ ಸಾಮಾನೆಲ್ಲ ಹೆಣ್ಣಿನ ಹೆಸರಿಗೆ, ಗಂಡಿಗೆ ವಾಚು ಉಂಗುರ, ಇದು ನಮ್ಮವರ ಮದುವೆಗಳಲ್ಲೂ ನಡೀತಿರೋ ಮನುಧರ್ಮವೇ. ಅದಕ್ಕೆ ಪಟ್ಟಿಯಲ್ಲಿ ಚಾಕುಗಳ ಮುಂದೆ "ಇಬ್ಬರಿಗೂ" ಅಂತ ಬರೆಸಿದೀವಿ.

ಸರಿ, ಯಾವ ಚಾಕು ತಗೋಬೇಕು ಅಂತ ಕೆಲವರು ಕೇಳೇ ಕೇಳ್ತೀರಿ. ತಪ್ಪು ತಿದ್ದಿಕೊಳ್ಳೋಕೆ ಅಂತ ನಾನು ಎರಡು ಭಾನುವಾರ ಅಂಗಡಿ ಸುತ್ತಿದೀನಿ, ತಿಳಿದದ್ದು ಹೇಳ್ತೀನಿ.

ಮರದ ಗೂಡಿನಲ್ಲಿ 12, 15 ಸಿಗಿಸಿಟ್ಟ ಸೆಟ್ ನೋಡಿ ಮರುಳಾಗಬೇಡಿ. ಅದರಲ್ಲಿ ಬಳಕೆಯಾಗೋದು ಎರಡೋ ಮೂರೋ. ಅದೇ ದುಡ್ಡಿಗೆ ಮೂರು ಒಳ್ಳೇವು ಬರುತ್ತೆ. ಅಲಗು ಹಿಡಿಯ ಕೊನೆವರೆಗೂ ಹೋಗಿದೆಯಾ ನೋಡಿ, ಅರ್ಧಕ್ಕೆ ನಿಂತಿದ್ದರೆ ಒಂದು ದಿನ ಹಿಡಿ ಕೈಯಲ್ಲಿ, ಅಲಗು ನೆಲದ ಮೇಲೆ. ಸ್ಟೇನ್‌ಲೆಸ್ ಸ್ಟೀಲು ತುಕ್ಕು ತಡೆಯುತ್ತೆ, ಕೆಲಸಕ್ಕೆ ಹೋಗೋರಿಗೆ ಅದೇ ಅನುಕೂಲ. ಕಾರ್ಬನ್ ಸ್ಟೀಲು ಒಳ್ಳೇ ಹರಿತ ಕೊಡುತ್ತೆ, ಆದರೆ ನಿಂಬೆ, ಹುಣಸೆ ತಾಗಿದರೆ ಕಪ್ಪಾಗುತ್ತೆ, ತೊಳೆದ ತಕ್ಷಣ ಒರೆಸಬೇಕು. ತೆಳು ಅಲಗಿನ ದುಬಾರಿ ಚಾಕುವಿನಲ್ಲಿ ಮೂಳೆ ಕಡಿದರೆ ಅಂಚು ಚಕ್ಕೆ ಏಳುತ್ತೆ. ಅದಕ್ಕೇ ಕಣ್ರೀ ಬಾಡಿನ ಕತ್ತಿ ಬೇರೆ ಬೇಕು, ದಪ್ಪ ಬೆನ್ನಿನದು, ಭಾರದ್ದು. ಇದು ಅಂಗಡೀಲಿ ತಗೊಳ್ಳೋದಕ್ಕಿಂತ ಊರ ಕಮ್ಮಾರರ ಹತ್ರ ಲಾರಿ ಪಟ್ಟಿಯಲ್ಲಿ ಹೊಡೆಸಿದ್ದು ವಾಸಿ. ತೂಕ ಇರುತ್ತೆ, ಬಾಳಿಕೆ ಬರುತ್ತೆ, ನಮ್ಮ ದುಡ್ಡು ದುಡಿಯೋ ಕೈಗೆ ಹೋಗುತ್ತೆ.

ಜೊತೆಗೆ ಒಂದು ಸಾಣೆಕಲ್ಲು ಪಟ್ಟಿಗೆ ಹಾಕಿ. ಮೊಂಡು ಚಾಕುವೇ ಹೆಚ್ಚು ಅಪಾಯ, ಅದು ಜಾರಿ ಬೆರಳಿಗೆ ಬರುತ್ತೆ. ಗಾಜಿನ ಹಲಗೆ, ಗ್ರಾನೈಟ್ ಕಟ್ಟೆ ಮೇಲೆ ಹೆಚ್ಚಬೇಡಿ, ಹರಿತ ಹೋಗುತ್ತೆ. ಮರದ್ದೋ ಪ್ಲಾಸ್ಟಿಕ್ಕಿಂದೋ ಹಲಗೆ ಎರಡಿರಲಿ. ಹಸಿ ಬಾಡಿಗೆ ಒಂದು, ಹಾಗೇ ತಿನ್ನೋ ಸೌತೆಕಾಯಿ, ಹಣ್ಣಿಗೆ ಒಂದು.

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ಹಸಿ ಮಾಂಸಕ್ಕೆ ಹಲಗೆ ಬೇರೆ ಇಡೋದು ರೋಗಾಣು ದಾಟಬಾರದು ಅಂತ. ಬಿಸಿನೀರು, ಸೋಪು ಹಾಕಿ ತೊಳೆದರೆ ಚಾಕು ಶುದ್ಧ. ತೊಳೆದ ಮೇಲೂ ಹೋಗಲ್ಲ ಅಂತ ಯಾರಾದರೂ ಅಂದರೆ ಅವರು ಚಾಕು ಬಗ್ಗೆ ಮಾತಾಡ್ತಿಲ್ಲ, ನಮ್ಮ ಬಗ್ಗೆ ಮಾತಾಡ್ತಿದಾರೆ.

ಪಟ್ಟಿ ನೋಡಿದ ಆಫೀಸಿನ ಒಬ್ಬರು, "ಮದುವೆಗೆ ಚಾಕು ಕೊಡಬಾರದು, ಸಂಬಂಧ ಕಡಿದು ಹೋಗುತ್ತೆ, ಕೊಟ್ಟರೂ ಒಂದು ರೂಪಾಯಿ ಈಸ್ಕೋಬೇಕು" ಅಂದರು. ಸ್ವಾಮಿ, ಈ ದೇಶದಲ್ಲಿ ಪ್ರೀತಿಸಿ ಮದುವೆಯಾದ ಎಷ್ಟೋ ಮಕ್ಕಳ ಸಂಬಂಧವನ್ನ ಹೆತ್ತವರೇ ಕಡಿದಿದಾರೆ. ಅವರಿಗೆ ಯಾರು ಚಾಕು ಉಡುಗೊರೆ ಕೊಟ್ಟಿದ್ದರು?

ಕೊನೆಗೆ, ಗುಮಾಸ್ತನಾಗಿ ಒಂದು ಉಪಯೋಗದ ಮಾತು. ಗಿಫ್ಟ್ ರಿಜಿಸ್ಟ್ರಿ ಅಮೆರಿಕದಿಂದ ಬಂದ ಶೋಕಿ ಅಂದುಕೋಬೇಡಿ. ವರದಕ್ಷಿಣೆ ನಿಷೇಧ ಕಾಯ್ದೆ 1961ರ ಅಡಿಯಲ್ಲಿ 1985ರಲ್ಲೇ ನಿಯಮ ಆಗಿದೆ. ಮದುವೆಯಲ್ಲಿ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನ ವಧು, ವರನಿಗೆ ಬಂದದ್ದನ್ನ ವರ ಬರೆದಿಡಬೇಕು. ವಸ್ತು ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರ ಹೆಸರು, ಸಂಬಂಧಿಯಾದರೆ ಏನು ಸಂಬಂಧ, ಎಲ್ಲ ಇರಬೇಕು. ಇಬ್ಬರೂ ಸಹಿ ಹಾಕಬೇಕು. ಮುಯ್ಯಿ ಪುಸ್ತಕ ಬರೆಯೋದರಲ್ಲಿ ತಪ್ಪದ ನಾವು ಇದನ್ನ ಬರೆಯಲ್ಲ. ನಾಳೆ ಹೆಣ್ಣುಮಗಳು ಕಷ್ಟದಲ್ಲಿ ಮನೆಯಿಂದ ಹೊರಗೆ ಬಂದರೆ ಯಾವುದು ಅವಳದು ಅಂತ ತೋರಿಸೋಕೆ ಕಾಗದವೇ ಇರಲ್ಲ. ನಿಮ್ಮ ಮನೆ ಮದುವೆಗಳಲ್ಲಿ ದಯವಿಟ್ಟು ಬರೀರಿ.

ನಮ್ಮ ಪಟ್ಟಿಯನ್ನ ನಾನು ತಿದ್ದಿ ಮತ್ತೆ ಕಳಿಸಿದೆ. ಬಾಡಿನ ಕತ್ತಿ ತನ್ನ ಜಾಗಕ್ಕೆ ಬಂತು, ಅವಳು ಬರೆದ ಮಾತಿನಲ್ಲೇ. ಆಫೀಸಿನ ಗುಂಪಿನಲ್ಲಿ ಕುಕ್ಕರು, ಮಿಕ್ಸಿ, ದೊಡ್ಡ ಚಾಕು, ಸಣ್ಣ ಚಾಕು ಎಲ್ಲದರ ಮುಂದೆಯೂ ಒಂದೇ ದಿನದಲ್ಲಿ ಹೆಸರು ಬಿತ್ತು. ಕತ್ತಿ ಮುಂದೆ ನಾಲ್ಕು ದಿನ ಯಾರೂ ಬರೆಯಲಿಲ್ಲ. ಹುಡುಗನ ಅಮ್ಮ ಅವಳನ್ನ ಕೇಳಿದರಂತೆ, "ಇದು ಬೇಕೇನಮ್ಮ?" ಅಂತ. "ಬೇಕು ಅತ್ತೆ" ಅಂದಳಂತೆ. ಅವರು ಆಮೇಲೆ ಏನೂ ಅನ್ನಲಿಲ್ಲವಂತೆ. ಆ ಮೌನ ಒಪ್ಪಿಗೆಯೋ ಏನೋ, ಮುಂದೆ ಗೊತ್ತಾಗುತ್ತೆ.

ಐದನೇ ದಿನ ನಾನೇ ಬರೆದೆ. ಕೊಡುವವರ ಹೆಸರಿನ ಕಾಲಂನಲ್ಲಿ ನನ್ನ ಹೆಸರು. ಸಂಬಂಧದ ಕಾಲಂನಲ್ಲಿ "ಸೋದರಮಾವ." ಕಮ್ಮಾರರಿಗೆ ಹೇಳಿ ಬಂದಿದೀನಿ, ಮುಂದಿನ ವಾರ ಕೊಡ್ತಾರಂತೆ.

ನಿಮ್ಮ ಮನೇಲೂ ಮಂಚದ ಕೆಳಗೆ ತಳ್ಳಿದ್ದು ಏನಾದರೂ ಇದ್ದರೆ ಇವತ್ತು ಆಚೆ ತೆಗೆದು ತೊಳೆದು ಗೋಡೆಗೆ ಒರಗಿಸಿ.

ಜೈಭೀಮ್.