‘ಇರಬಹುದು’ ಬೇರೆ, ‘ಬಹುಶಃ’ ಬೇರೆ

ನೆರೆಮನೆಯ ಹಿರಿಯರೊಬ್ಬರು ಕಳೆದ ತಿಂಗಳು ತಮ್ಮ ಸ್ಕ್ಯಾನಿಂಗ್ ವರದಿ ತಂದು, ‘ಏನು ಬರೆದಿದ್ದಾರೆ, ಓದಿ ಹೇಳಪ್ಪಾ’ ಎಂದರು. ಶ್ವಾಸಕೋಶದಲ್ಲಿ ಕಂಡ ಮಚ್ಚೆಯ ಕುರಿತ ಕೊನೆಯ ಸಾಲಿನಲ್ಲಿ ‘ಪಾಸಿಬ್ಲಿ’ ಎಂಬ ಪದವಿತ್ತು. ‘ಬಹುಶಃ ಕ್ಯಾನ್ಸರ್ ಗಡ್ಡೆ’ ಎಂದು ಕನ್ನಡಿಸಿದೆ. ಆ ರಾತ್ರಿ ಅವರ ಮನೆಯಲ್ಲಿ ಯಾರೂ ನಿದ್ರಿಸಲಿಲ್ಲ. ಮರುದಿನ ವೈದ್ಯರು, ‘ಗಡ್ಡೆಯೂ ಇರಬಹುದು, ಹಳೆಯ ಸೋಂಕಿನ ಕಲೆಯೂ ಇರಬಹುದು, ಇನ್ನೊಂದು ಪರೀಕ್ಷೆ ಮಾಡೋಣ’ ಎಂದರಂತೆ. ವರದಿ ಹೇಳಿದ್ದೂ ಅಷ್ಟನ್ನೇ. ಹೆಚ್ಚಿಗೆ ಹೇಳಿದವನು ನಾನು.

ಇಂಗ್ಲಿಷಿನ ‘ಪ್ರಾಬಬ್ಲಿ’, ‘ಪರ್‌ಹ್ಯಾಪ್ಸ್’, ‘ಮೇಬಿ’, ‘ಪಾಸಿಬ್ಲಿ’ ನಾಲ್ಕಕ್ಕೂ ‘ಬಹುಶಃ’ ಎಂದೇ ಬರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಆದರೆ ‘ಪಾಸಿಬ್ಲಿ’ಯ ಮೂಲ, ‘ಶಕ್ತವಾಗು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದ. ಅಸಾಧ್ಯವಲ್ಲ ಎಂದಷ್ಟೇ ಅದು ಸೂಚಿಸುತ್ತದೆ. ಸಂಭವ ಎಷ್ಟೆಂದು ಹೇಳುವುದಿಲ್ಲ. ‘ಪ್ರಾಬಬ್ಲಿ’ ಎಂದರೆ ಆಗದಿರುವುದಕ್ಕಿಂತ ಆಗುವ ಸಂಭವವೇ ಅಧಿಕ. ಸಂಸ್ಕೃತದಿಂದ ಬಂದ ‘ಬಹುಶಃ’, ‘ಪ್ರಾಯಶಃ’ಗಳ ಮೂಲಾರ್ಥವೇ ‘ಹಲವು ಬಾರಿ’, ‘ಹೆಚ್ಚಾಗಿ’. ಹೀಗಾಗಿ ಅವು ‘ಪ್ರಾಬಬ್ಲಿ’ಯ ಕಡೆಗೇ ವಾಲುತ್ತವೆ.

ಇಂತಹ ಗೊಂದಲ ಅನುವಾದಕರಿಗಷ್ಟೇ ಸೀಮಿತವಲ್ಲ. ಯುಗೊಸ್ಲಾವಿಯದ ಮೇಲೆ ದಾಳಿ ನಡೆಯುವ ‘ಗಂಭೀರ ಸಾಧ್ಯತೆ’ಯಿದೆ ಎಂದು ಅಮೆರಿಕದ ಗುಪ್ತಚರ ವಿಶ್ಲೇಷಕರು 1951ರಲ್ಲಿ ವರದಿ ನೀಡಿದ್ದರು. ಆ ಮಾತಿನಿಂದ ಎಷ್ಟು ಸಂಭವವನ್ನು ಉದ್ದೇಶಿಸಿದ್ದಿರಿ ಎಂದು ಷೆರ್ಮನ್ ಕೆಂಟ್ ಬಳಿಕ ಸಹೋದ್ಯೋಗಿಗಳನ್ನು ವಿಚಾರಿಸಿದರು. ಒಮ್ಮತದಿಂದ ಬರೆದವರ ಉತ್ತರಗಳೇ ಶೇ 20ರಿಂದ ಶೇ 80ರವರೆಗೆ ಹರಡಿದ್ದವು. ಯುದ್ಧದ ಪ್ರಶ್ನೆಯಲ್ಲೂ ಪದವೊಂದು ಇಷ್ಟು ಸಡಿಲವಾಗಿರಬಲ್ಲದು.

ಕನ್ನಡಕ್ಕೆ ಈ ವಿಷಯದಲ್ಲಿ ಬಡತನವೇನಿಲ್ಲ. ನಮ್ಮ ಸಂದೇಹ, ಸಾಧ್ಯತೆಗಳು ಕ್ರಿಯಾಪದದಲ್ಲೇ ನೆಲೆಸಿವೆ. ‘ಮಳೆ ಬರಬಹುದು’, ‘ಮಳೆ ಬಂದೀತು’, ‘ಮಳೆ ಬರುತ್ತದೇನೋ’ ಎಂಬ ಮೂರು ಮಾತುಗಳಿಗೂ ಬೇರೆ ಬೇರೆ ಛಾಯೆ. ‘ಬಿದ್ದೀಯೆ, ಜೋಕೆ’ ಎನ್ನುವ ತಾಯಿ, ಮಗು ಬಿದ್ದೇ ಬೀಳುತ್ತದೆಂದು ಹೇಳುತ್ತಿಲ್ಲ, ಬೀಳದಂತೆ ಎಚ್ಚರಿಸುತ್ತಿದ್ದಾಳೆ. ವ್ಯಾಕರಣವು ಸಂಭಾವನಾರ್ಥಕವೆಂದು ಕರೆಯುವ ಈ ರೂಪವನ್ನು ಬರವಣಿಗೆಯಲ್ಲಿ ನಾವು ಕೈಬಿಡುತ್ತಿದ್ದೇವೆ. ಎಲ್ಲಕ್ಕೂ ‘ಬಹುಶಃ’ ಅಂಟಿಸಿ, ಸಾಲದೆಂಬಂತೆ ಕೊನೆಗೊಂದು ‘ಬಹುದು’ ಸೇರಿಸುತ್ತಿದ್ದೇವೆ.

ಇದು ಪಂಡಿತರ ಚರ್ಚೆಗಷ್ಟೇ ಬಿಡುವ ವಿಷಯವಲ್ಲ. ಹವಾಮಾನ ಮುನ್ಸೂಚನೆಯನ್ನು ನಂಬಿ ರೈತ ಬಿತ್ತುತ್ತಾನೆ. ವೈದ್ಯಕೀಯ ವರದಿಯನ್ನು ನಂಬಿ ಕುಟುಂಬವೊಂದು ಸಾಲ ಮಾಡುತ್ತದೆ. ತಿಳಿದಿರುವುದು ಎಷ್ಟೋ ಅಷ್ಟನ್ನೇ ಹೇಳುವುದು ಪ್ರಾಮಾಣಿಕತೆ. ಅಂದು ನಾನು ‘ಇರಬಹುದು’ ಎಂದಿದ್ದರೆ, ಆ ಹಿರಿಯರಿಗೆ ‘ಇಲ್ಲದೆಯೂ ಇರಬಹುದು’ ಎಂಬ ಅದರ ಉಳಿದರ್ಧವೂ ಕೇಳಿಸುತ್ತಿತ್ತು.